ಬಿಸಿಲಲ್ಲಿ ಒರೆಸಿದ ಕಾರು

ಬ್ರಹ್ಮಾವರದ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಶಾಖ ತಗುಲಿದರೆ ಗಾಳಿ ಹಿಗ್ಗುತ್ತದೆ ಎಂಬ ಪಾಠವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಆದರೆ ಪಾಠ ಮಾಡಿದವನಿಗೆ ಪಾಠ ತಲೆಗೆ ಹತ್ತಿರಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಅದು ನನಗೆ ಹೋದ ಮೇ ತಿಂಗಳಲ್ಲಿ ಗೊತ್ತಾಯಿತು.

ಕುಂದಾಪುರದ ನಮ್ಮ ಓಣಿಗೆ ಮೀನು ತರುವ ಗಿರಿಜಕ್ಕ ಒಂದು ದಿನ ಬುಟ್ಟಿ ಇಳಿಸಿ, ಮಗಳು ಸುಜಾತಾಳ ಮದುವೆ ಬೈಂದೂರಿನಲ್ಲಿ ಎಂದು ಹೇಳಿದರು. ಆಮೇಲೆ ಮೆಲ್ಲಗೆ, "ಮದುಮಗ್ಳನ್ನ ಕರ್ಕಂಡ್ ಹೋಪುಕೆ ನಿಮ್ ಕಾರ್ ಆತ್ತಾ ಮಾಷ್ಟ್ರೆ?" ಎಂದರು. ಹದಿನೈದು ವರ್ಷಗಳಲ್ಲಿ ಅವರು ನಮ್ಮಲ್ಲಿ ಏನನ್ನೂ ಕೇಳಿದವರಲ್ಲ.

ಒಪ್ಪಿಕೊಂಡ ಉತ್ಸಾಹದಲ್ಲಿ ಎರಡು ಸ್ಪ್ರೇ ತಂದೆ. ಒಂದು ಕಾರಿನ ಮೈಗೆ ಹೊಳಪು ಕೊಡುವ ಬಾಟಲಿ, ಇನ್ನೊಂದು ಡ್ಯಾಶ್‌ಬೋರ್ಡಿಗೆ ಹೊಡೆಯುವ ಡಬ್ಬಿ. ಡಬ್ಬಿಯನ್ನು ಕಾರಿನ ಹಿಂದಿನ ಗಾಜಿನಡಿ ಇಟ್ಟು ಮರೆತೆ. ಮದುವೆಯ ಹಿಂದಿನ ದಿನ, ಊಟಕ್ಕೆ ಮುಂಚೆ ಮುಗಿಸಿಬಿಡೋಣವೆಂದು ಅಂಗಳದ ನಡುಬಿಸಿಲಲ್ಲಿ ಬಾನೆಟ್ಟಿಗೆ ಬಾಟಲಿಯದನ್ನು ಧಾರಾಳವಾಗಿ ಹೊಡೆದೆ. ಬಾನೆಟ್ಟು ಕಾದ ಕಾವಲಿಯಂತಿತ್ತು. ಬಟ್ಟೆ ತಾಗುವ ಮೊದಲೇ ಅದು ಆರಿ, ಕೆಂಪು ಬಣ್ಣದ ಮೇಲೆ ಬಿಳಿ ಗೆರೆಗಳೆದ್ದವು. ಸರಿಪಡಿಸಲು ಇನ್ನಷ್ಟು ಹೊಡೆದೆ. ಗೆರೆಗಳೂ ಇನ್ನಷ್ಟಾದವು.

ಅದೇ ಹೊತ್ತಿಗೆ, ಹೊರಡುವ ಸಮಯ ತಿಳಿಸಲು ಗಿರಿಜಕ್ಕ ಬಂದರು. "ಹ್ವಾಯ್ ಮಾಷ್ಟ್ರೆ, ಕಾರಿಗೆ ಎಂತ ಆಯ್ತ್?" ಎಂದವರ ಮುಖ ಸಣ್ಣಗಾಯಿತು. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು ತಟ್ಟನೆ ತೆಗೆದರು. "ಇಷ್ಟ್ ಬಿಸಿಯಂಗೆ ಎಂತ ಮಾಡ್ರೂ ಹಾಳೇ. ಮೀನ್ ಸಹ ಹಾಂಗೆ. ನಾಳೆ ತಂಪ್ ಹೊತ್ತಗೆ ಒರ್ಸಿ ಕಾಣಿ."

ಕಾರನ್ನು ಮಾವಿನ ಮರದಡಿ ನಿಲ್ಲಿಸಿ ಬಾಗಿಲು ತೆರೆದಾಗ ನನ್ನ ಹೆಂಡತಿ ಶಾರದೆಯ ಕಣ್ಣಿಗೆ ಹಿಂದಿನ ಡಬ್ಬಿ ಬಿತ್ತು. ಮುಟ್ಟಲಾಗದಷ್ಟು ಬಿಸಿ, ತಳ ಸ್ವಲ್ಪ ಉಬ್ಬಿದೆ. ಅದರ ಮೈಮೇಲಿನ ಸಣ್ಣ ಅಕ್ಷರಗಳನ್ನು ಅವಳೇ ಓದಿದಳು: ಐವತ್ತು ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದು, ಸಿಡಿಯಬಹುದು. "ಶಾಲೆ ಮಕ್ಳಿಗೆ ಎಂತ ಹೇಳ್ಕೊಟ್ರಿ ನೀವು?" ಎಂದು ಕೇಳಿದಳು. ಬೈಗುಳವೆಂದು ಗೊತ್ತಿದ್ದರೂ ನನ್ನ ಕುತೂಹಲ ಬೇರೆ ದಾರಿ ಹಿಡಿಯಿತು. ಕಾರಿನೊಳಗೆ ಎಷ್ಟು ಬಿಸಿಯಿರಬಹುದೆಂದು ಜ್ವರ ನೋಡುವ ಥರ್ಮಾಮೀಟರನ್ನು ಸೀಟಿನ ಮೇಲಿಟ್ಟೆ. ಅದು ಅಂಕಿಯನ್ನೇ ತೋರಿಸದೆ ಕೈಚೆಲ್ಲಿತು. ಡಬ್ಬಿ ತಾನಾಗಿ ತಣಿಯುವವರೆಗೆ ನಾವಿಬ್ಬರೂ ದೂರ ನಿಂತು ಕಾದೆವು. ಮತ್ತೆ ಅದನ್ನು ಬಳಸುವ ಧೈರ್ಯ ಮಾಡಲಿಲ್ಲ.

ಬಾಟಲಿಯ ಮೇಲೂ ಒಂದು ಸೂಚನೆ ಇತ್ತು: ತಂಪಾದ, ಒಣ ಜಾಗದಲ್ಲಿಡಿ. ಬಾಟಲಿ ಹಿಡಿದು ಮನೆಯಿಡೀ ಸುತ್ತಿದೆ. ನಮ್ಮೂರಲ್ಲಿ ಒಣಗಿರುವಾಗ ತಂಪಿಲ್ಲ, ತಂಪಿರುವಾಗ ಒಣಗುವುದಿಲ್ಲ. ಕೊನೆಗೆ ಒಳಕೋಣೆಯ ಕಪಾಟಿನ ಕೆಳಗಿನ ಖಾನೆಯನ್ನು ಶಾರದೆ ಬಿಟ್ಟುಕೊಟ್ಟಳು.

ಬೆಳಗಾಗುವಾಗ ಬಾನೆಟ್ಟು ತಣ್ಣಗಿತ್ತು. ಈ ಸಲ ಸ್ಪ್ರೇಯನ್ನು ಬಟ್ಟೆಗೆ ಹೊಡೆದು, ಗೇಣುಗೇಣು ಜಾಗವನ್ನೇ ಒರೆಸುತ್ತ ಹೋದೆ. ನಿನ್ನೆಯ ಗೆರೆಗಳು ಒಂದೊಂದಾಗಿ ಕರಗಿದವು. ಬಂದು ನೋಡಿದ ಗಿರಿಜಕ್ಕ ಕಾರಿನ ಬಾಗಿಲಲ್ಲಿ ತಮ್ಮ ಮುಖ ಕಂಡು ಸೆರಗು ಸರಿಮಾಡಿಕೊಂಡರು.

ಬೈಂದೂರಿನಲ್ಲಿ ಮದುವೆ ಚೆನ್ನಾಗಿ ಆಯಿತು. ಸಂಜೆ ಗಂಡನ ಮನೆಗೆ ಹೊರಟ ಸುಜಾತಾ ಅದೇ ಕಾರಿನಲ್ಲಿ ಕೂತಾಗ ಗಿರಿಜಕ್ಕ ಬಾಗಿಲು ಹಾಕಿ, ಗಾಜಿನ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತರು. ಐದು ಬೆರಳೂ ಅರಿಶಿನದಲ್ಲಿ ಅಚ್ಚಾದವು.

ಮನೆಗೆ ಬಂದು ಕಾರಿನ ಧೂಳೆಲ್ಲ ಒರೆಸಿದೆ.

"ಅದೊಂದನ್ನ ಎಂತಕ್ಕೆ ಬಿಟ್ರಿ?" ಎಂದು ಶಾರದೆ ಗಾಜಿನ ಮೇಲಿನ ಅಚ್ಚು ತೋರಿಸಿದಳು.

"ಬಿಸಿಲು ಇಳಿಯಲಿ" ಎಂದೆ.

ಆಗಲೇ ದೀಪ ಹಚ್ಚುವ ಹೊತ್ತು ಮೀರಿತ್ತು.