ಕ್ಯಾಮೆರಾದ ಮೇಲಿಂದ ಇಳಿಸಿದ ರೆಕಾರ್ಡರ್

ಅಕ್ಕನ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಆಮೇಲೆ ಈಗಿನ ಧ್ವನಿ ಇರುವುದಿಲ್ಲ, ಬೇರೆ ರೀತಿಯಲ್ಲಿ ಮಾತಾಡುವುದನ್ನು ಕಲಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಅಕ್ಕನ ಮಗಳು ಅತ್ತಳು. ಭಾವ ಎದ್ದು ಹೋಗಿ ನೀರು ಕುಡಿದು ಬಂದರು. ನಾನು ಮಾತ್ರ ಕ್ಯಾಮೆರಾವನ್ನು ಅಕ್ಕನ ಮನೆಯಲ್ಲಿ ಎಲ್ಲಿ ನಿಲ್ಲಿಸುವುದೆಂದು ಯೋಚಿಸುತ್ತಿದ್ದೆ. ಹಾಗೆಂದು ನನ್ನ ನೆನಪು. ಡೈರಿಯ ಆ ದಿನದ ಪುಟದಲ್ಲಿ ಡಾಕ್ಟರ ಮಾತಿನ ಹೊರತು ಏನೂ ಇಲ್ಲ. ಆದ್ದರಿಂದ ಕ್ಯಾಮೆರಾದ ಯೋಚನೆ ಅಲ್ಲಿಯೇ ಬಂತೋ, ಮನೆಗೆ ಬಂದ ಮೇಲೆ ಬಂತೋ, ಖಾತ್ರಿಯಾಗಿ ಹೇಳಲಾರೆ.

ಅವಸರಕ್ಕೆ ಕಾರಣವಿತ್ತು. ನಮ್ಮ ಅವ್ವ ತೀರಿಕೊಂಡ ಮೇಲೆ ಅವಳ ಧ್ವನಿ ಹೇಗಿತ್ತೆಂಬ ಬಗ್ಗೆ ಅಕ್ಕನಿಗೂ ನನಗೂ ಒಮ್ಮತವಿಲ್ಲ. ದಪ್ಪ ಧ್ವನಿ ಎನ್ನುತ್ತಾಳೆ ಅಕ್ಕ. ಸಣ್ಣದು, ಸ್ವಲ್ಪ ಮೂಗಿನಿಂದ ಬರುತ್ತಿತ್ತು ಎನ್ನುತ್ತೇನೆ ನಾನು. ಇಬ್ಬರೂ ಆಣೆ ಮಾಡಲು ಸಿದ್ಧ. ತೀರ್ಮಾನಕ್ಕೆ ಒಂದು ತುಣುಕು ಟೇಪೂ ಇಲ್ಲ. ಅಕ್ಕನ ವಿಷಯದಲ್ಲಿ ಹಾಗಾಗಬಾರದು ಎಂದುಕೊಂಡೆ.

ನಾವು ಗದಗಿನವರು. ಅಕ್ಕ ಮದುವೆಯಾದದ್ದು ಪುಣೆಯ ಮರಾಠಿಯವರನ್ನು. ಇಲ್ಲಿನ ಮರಾಠಿ ಶಾಲೆಯೊಂದರಲ್ಲಿ ಟೀಚರಾದಳು. ಮನೆಯಲ್ಲೂ ಮರಾಠಿ, ಮಗಳ ಜೊತೆಗೂ ಮರಾಠಿ. ನಾನು ಆಮೇಲೆ ಓದಲು ಬಂದವನು ಶಿವಾಜಿನಗರದ ಕಾಲೇಜಿನಲ್ಲಿ ಕಲಿಸುತ್ತ ಇಲ್ಲಿಯೇ ಉಳಿದೆ. ಅವಳ ಕನ್ನಡ ನನ್ನೊಬ್ಬನ ಪಾಲಿಗೆ ಉಳಿದಿತ್ತು. ನಾನು ಉಳಿಸಿಕೊಳ್ಳಲು ಹೊರಟಿದ್ದ ‘ಅಕ್ಕನ ಧ್ವನಿ’ ಎಂದರೆ ಆ ಕನ್ನಡ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಕಾಲೇಜಿನ ನಮ್ಮ ವಿಭಾಗದ ಕ್ಯಾಮೆರಾವನ್ನು ಕೇಳಿ ತಂದೆ. ಊರಿನ ಹಳೆಯ ಕನ್ನಡ ವ್ಯಾಪಾರಿಗಳ ಸಂದರ್ಶನಗಳನ್ನು ಅದರಲ್ಲಿಯೇ ಮಾಡಿದ್ದೆ, ಕೈಗೆ ಅಭ್ಯಾಸವಿತ್ತು. ಕ್ಯಾಮೆರಾದ ಸ್ವಂತ ಮೈಕ್ ಯಾವ ಕೆಲಸಕ್ಕೂ ಬಾರದು. ಆದ್ದರಿಂದ ಅದರ ನೆತ್ತಿಯಲ್ಲಿ ಫ್ಲ್ಯಾಶ್ ಸಿಕ್ಕಿಸುವ ಜಾಗದಲ್ಲಿ ಒಂದು ಸಣ್ಣ ಹಿಡಿಕೆ ಕೂರಿಸಿ, ಅದರ ಮೇಲೆ ಅಂಗೈಯಗಲದ ರೆಕಾರ್ಡರನ್ನು ತಿರುಪಿ ಬಿಗಿಯುತ್ತೇನೆ. ನಡುವೆ ಒಂದು ರಬ್ಬರ್ ತುಂಡು. ಇಲ್ಲದಿದ್ದರೆ ಲೆನ್ಸ್ ತಿರುಗುವ ಸದ್ದೆಲ್ಲ ಮೇಲೇರುತ್ತದೆ. ರೆಕಾರ್ಡರಿನಿಂದ ಕ್ಯಾಮೆರಾಕ್ಕೆ ಒಂದು ಗೇಣುದ್ದದ ವೈರು. ಚಿತ್ರ, ಧ್ವನಿ ಎರಡೂ ಒಟ್ಟಿಗೆ ಬರುತ್ತವೆ, ಆಮೇಲೆ ಜೋಡಿಸುವ ರಗಳೆಯಿಲ್ಲ. ಮಾತಾಡುವವರ ಮುಂದೆ ಏನೂ ಇಡಬೇಕಾಗಿಲ್ಲ ಎನ್ನುವುದೇ ಇದರ ದೊಡ್ಡ ಗುಣವೆಂದು ನಂಬಿದ್ದೆ.

“ಏನೋ ಇದು, ತಲಿ ಮ್ಯಾಲೆ ಇನ್ನೊಂದು ತಲಿ ಕೂಡಿಸೀಯಲ್ಲ?” ಅಂದಳು ಅಕ್ಕ. ಧ್ವನಿ ಆಗಲೇ ಒಡೆದು ಗರಗಸದಂತಾಗಿತ್ತು.

“ತಲಿ ಅಲ್ಲಕ್ಕಾ, ಕಿವಿ. ಕ್ಯಾಮೆರಾಕ್ಕ ಕಣ್ಣು ಚಲೋ ಅವ, ಕಿವಿ ಮಂದ.”

“ನಿಮ್ಮ ಭಾವನಂಗ ಅನ್ನು.”

ಇಷ್ಟು ವರ್ಷಗಳಲ್ಲಿ ಭಾವ ಕನ್ನಡ ಕಲಿತಿಲ್ಲ, ಆದರೆ ತಮ್ಮನ್ನು ಆಡಿಕೊಂಡರೆ ಮಾತ್ರ ತಿಳಿಯುತ್ತದೆ. ಅಡುಗೆಮನೆಯಿಂದ “ಕಾಯ್, ಮಾಝಾಚ್ ವಿಷಯ ಕಾ?” ಎಂದರು, ನನ್ನದೇ ವಿಷಯವಾ ಎಂದು. ಚಹಾ ತಂದಿಟ್ಟು, ನಮ್ಮನ್ನು ನೋಡಲಾರದೆ, ಕೆಳಗೆ ಅಡ್ಡಾಡಲು ಹೋದರು.

ಅಕ್ಕನ ಮಗಳು ಕಾನೂನು ಓದುತ್ತಾಳೆ. ಮೊಬೈಲಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಅಮ್ಮನ ಎದುರು ಕುರ್ಚಿ ಎಳೆದುಕೊಂಡಳು. ಪ್ರಶ್ನೆ ಕೇಳುವವನು ನಾನು ಎಂದುಕೊಂಡಿದ್ದೆ. ಗಂಟಲಿಗೆ ಹೆಚ್ಚು ಕೆಲಸ ಕೊಡಬೇಡಿ ಎಂದಿದ್ದರು ಡಾಕ್ಟರು. ಇರುವುದು ಒಂದು ಸಂಜೆಯ ಮಾತು; ಅದು ಯಾರಿಗೆ ಸಲ್ಲಬೇಕು ಎನ್ನುವುದು ಅವಳು ಕುರ್ಚಿ ಎಳೆದ ಕೂಡಲೇ ತೀರ್ಮಾನವಾಗಿತ್ತು. ನಾನು ಕ್ಯಾಮೆರಾದ ಹಿಂದೆ ಹೋದೆ.

“ನಿನಗೇನು ಬೇಕೋ?” ಎಂದು ಅಕ್ಕ ಕೇಳಿದಳು.

“ನನಗೇನಿಲ್ಲ. ಅಕೀದು ಆಗ್ಲಿ.”

“ಅಬ್ಬಾ, ಭಾಳ ದೊಡ್ಡ ಮನಸ್ಸು,” ಅಂದಳು.

ಹುಡುಗಿಗೆ ಮೊದಲು ಬೇಕಾಗಿದ್ದು ಬೆಳಿಗ್ಗೆ ತನ್ನನ್ನು ಎಬ್ಬಿಸುವ ಮಾತು. ಅಕ್ಕ ಕ್ಯಾಮೆರಾ ಕಡೆ ನೋಡಿ “ಉಠ್ ಬಾಳಾ” ಎಂದಳು, ಏಳು ಮಗೂ ಎಂದು, ಶಾಲೆಯ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ. ಹಾಗಲ್ಲ ಎಂದಳು ಮಗಳು. ನೀನು ಮಲಗದೆ ಎಬ್ಬಿಸುವುದು ಹೇಗೆ ಎಂದು ತಾಯಿ ಮರಾಠಿಯಲ್ಲಿ ಕೇಳಿದಳು. ಹುಡುಗಿ ದಿವಾನದ ಮೇಲೆ ಮಲಗಿ, ಕಣ್ಣು ಮುಚ್ಚಿ, ಹೊದಿಕೆಯನ್ನೂ ಎಳೆದುಕೊಂಡಳು. ಆಗ ಬಂತು, ಬೇಸರ, ಅವಸರ, ಮುದ್ದು ಎಲ್ಲ ಕೂಡಿದ “ಉಠ್ ಬಾಳಾ.” ಹೆಡ್‌ಫೋನಿನಲ್ಲಿ ಅದನ್ನು ಕೇಳಿದಾಗ, ಈ ಅಕ್ಕನನ್ನು ನಾನು ಬಲ್ಲವನೇ ಅಲ್ಲ ಎನಿಸಿತು.

ಆಮೇಲೆ ಪ್ರಶ್ನೆಗಳು. ಅಕ್ಕ ಪ್ರತಿ ಉತ್ತರಕ್ಕೂ ಧ್ವನಿ ಏರಿಸುತ್ತಿದ್ದಳು. ಮೆಲ್ಲಗೆ ಮಾತಾಡು ಎಂದರೂ ಕೇಳುತ್ತಿರಲಿಲ್ಲ. ದೂರದಲ್ಲಿ ಕಾಣುವ ಆ ಕಿವಿಗೆ ಮುಟ್ಟಿಸಬೇಕೆಂಬುದು ತರಗತಿಯಲ್ಲಿ ಬೆಳೆದ ಅಭ್ಯಾಸ. ಅಷ್ಟಾದರೂ ನನಗೆ ಕೇಳುತ್ತಿದ್ದದ್ದು ಅರ್ಧ ಅಕ್ಕ, ಅರ್ಧ ಕೋಣೆ: ಪಕ್ಕದ ಮನೆಯ ಕುಕ್ಕರು, ಗೋಡೆಗೆ ಬಡಿದು ಮರಳುವ ಮಾತು. ಕೆಮ್ಮು ಶುರುವಾಯಿತು. ಅವಳು ಕರವಸ್ತ್ರದಿಂದ ಬಾಯಿ ಒತ್ತಿಕೊಂಡಾಗ ನಾನು ಎದ್ದೆ. ರೆಕಾರ್ಡರಿನ ತಿರುಪು ಬಿಚ್ಚಿದೆ. ಗೇಣುದ್ದದ ವೈರು ಅಕ್ಕನವರೆಗೆ ಎಟುಕುವುದಿಲ್ಲ; ಅದನ್ನೂ ಕಿತ್ತೆ. ಟೀಪಾಯಿಯ ಮೇಲೆ ನಾಲ್ಕು ಪುಸ್ತಕ ಪೇರಿಸಿ, ಮೇಲೆ ನನ್ನ ಕರವಸ್ತ್ರ ಮಡಿಸಿ, ಅದರ ಮೇಲೆ ರೆಕಾರ್ಡರನ್ನಿಟ್ಟು ಅಕ್ಕನ ಗದ್ದದ ಹತ್ತಿರಕ್ಕೆ ಸರಿಸಿದೆ. ಇನ್ನು ಚಿತ್ರವೇ ಬೇರೆ, ಧ್ವನಿಯೇ ಬೇರೆ. ಎರಡನ್ನೂ ಆಮೇಲೆ ಹೊಂದಿಸಲು ಗುರುತು ಬೇಕೆಂದು ಒಮ್ಮೆ ಚಪ್ಪಾಳೆ ತಟ್ಟಿದೆ. ಚೌಕಟ್ಟಿನ ಮೂಲೆಯಲ್ಲಿ ಪುಸ್ತಕಗಳ ರಾಶಿ ಕಾಣುತ್ತಿತ್ತು. ಕಾಣಲಿ ಎಂದುಕೊಂಡೆ.

ಅಕ್ಕ ಬೆನ್ನು ಸಡಿಲಿಸಿ ಒರಗಿದಳು. ಧ್ವನಿ ಇಳಿಯಿತು, ಇನ್ನೂ ಇಳಿಯಿತು. ತಾನು ಹುಟ್ಟಿದಾಗ ತನಗೆ ಮೊದಲು ಏನು ಹೇಳಿದೆ ಎಂದು ಮಗಳು ಕೇಳಿದಳು. ಅಕ್ಕ ಮರಾಠಿಯಲ್ಲಿ ಶುರು ಮಾಡಿದಳು. ಕಣ್ಣು ಮುಚ್ಚಿದಳು. ವಾಕ್ಯದ ನಡುವೆ ಎಲ್ಲೋ ಕನ್ನಡ ಬಂತು.

“...ಅವ್ವ ಇದ್ದಳು ಬಾಣಂತನಕ್ಕ. ಕೂಸಿನ್ನ ನನ್ನ ಮಗ್ಗಲಿಗೆ ಹಾಕಿದ್ರು. ಕಿವ್ಯಾಗ ಅಂದೆ, ‘ಬಂದೇನs ನನ್ನವ್ವಾ, ಭಾಳ ದಾರಿ ಕಾಯಿಸಿದಿ’ ಅಂತ. ಗದಗದಾಗ ಇರೂತನಾ ಕನ್ನಡದಾಗs ಮಾತಾಡಿದೆ. ಇಲ್ಲಿ ಬಂದ ಮ್ಯಾಲೆ ಅತ್ತಿ ಅಂದ್ರು, ಎರಡು ಭಾಷಾ ಆದ್ರ ಕೂಸು ತಡಾ ಮಾತಾಡ್ತದ ಅಂತ. ನಾನೂ ಶಾಲಿ ಟೀಚರು, ಹೌದಿರಬೇಕು ಅಂದೆ. ಬಿಟ್ಟೆ. ಒಮ್ಮೊಮ್ಮೆ ಅಕಿ ನಿದ್ದಿ ಹತ್ತಿದ ಮ್ಯಾಲೆ ಮಾತಾಡ್ತಿದ್ದೆ.”

ಅವಳ ಕನ್ನಡ ಯಾವಾಗಲೂ ಮೆಲುದನಿಯದು. ಹೊಸದಾಗಿ ಮದುವೆಯಾದಾಗ, ತಮ್ಮ ಬಗ್ಗೆಯೇ ತವರಿಗೆ ಏನೋ ಹೇಳುತ್ತಿದ್ದಾಳೆಂದು ಅತ್ತೆ ತಿಳಿದಾರೆಂದು, ಅವ್ವನ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಅದು ಹಾಗೆಯೇ ಉಳಿಯಿತು. ಜೋರು ಮಾತೆಲ್ಲ ಮರಾಠಿಯದು. ರೆಕಾರ್ಡರನ್ನು ಹತ್ತಿರ ತಂದಾಗ ನಾನು ಗಂಟಲಿಗೆ ಮಾತ್ರ ಅನುಕೂಲ ಮಾಡಿದೆನೆಂದು ತಿಳಿದಿದ್ದೆ.

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ನಾನು ಅಕ್ಕನ ಮೊಣಕಾಲು ಮುಟ್ಟಿ, ಮರಾಠಿಯಲ್ಲಿ ಹೇಳು ಎನ್ನಬಹುದಿತ್ತು. ಮಾತಾಡಲಿ ಬಿಡು ಎಂದು ಹುಡುಗಿಯೇ ಸನ್ನೆ ಮಾಡಿದಳು ಎಂದು ಮರುದಿನ ಡೈರಿಯಲ್ಲಿ ಬರೆದಿದ್ದೇನೆ. ಕ್ಯಾಮೆರಾದಲ್ಲಿ ಅವಳಿಲ್ಲ, ಅಕ್ಕನೊಬ್ಬಳೇ ಇದ್ದಾಳೆ. ಆದರೆ ರೆಕಾರ್ಡರಿನಲ್ಲಿ ಹುಡುಗಿಯ ಧ್ವನಿಯಿದೆ, ಸಣ್ಣದಾಗಿ: “ಆಯೀ.” ಸ್ವಲ್ಪ ಬಿಟ್ಟು ಮತ್ತೆ, “ಆಯೀ, ಮರಾಠೀತ,” ಅಮ್ಮಾ, ಮರಾಠಿಯಲ್ಲಿ ಎಂದು. ಅಕ್ಕನಿಗೆ ಕೇಳಿಸಿಲ್ಲ. ಆಮೇಲೆ ಕುರ್ಚಿ ಕಿರುಗುಟ್ಟುತ್ತದೆ. ನನ್ನ ಸದ್ದು ಎಲ್ಲಿಯೂ ಇಲ್ಲ. ಆ ಸನ್ನೆಯನ್ನು ನಾನು ಕಂಡೆನೋ, ನನಗೆ ಬೇಕೆಂದು ಬರೆದುಕೊಂಡೆನೋ?

ಅಕ್ಕ ಕಣ್ಣು ತೆರೆದಾಗ ಗಂಟಲು ಪೂರ್ತಿ ಕಟ್ಟಿತ್ತು. ಉಳಿದ ಪ್ರಶ್ನೆಗಳು ಮೊಬೈಲಿನಲ್ಲಿಯೇ ಉಳಿದವು.

ಆಪರೇಷನ್ ಆಯಿತು. ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಹುಡುಗಿ ಕಾಲೇಜಿಗೆ, ನನ್ನ ಕೋಣೆಗೆ ಬಂದಳು. ಧ್ವನಿಯನ್ನು ಚಿತ್ರಕ್ಕೆ ಹೊಂದಿಸಿಟ್ಟಿದ್ದೆ. ಅವಳು ಹೆಡ್‌ಫೋನು ಹಾಕಿಕೊಂಡು ಎಬ್ಬಿಸುವ ಮಾತನ್ನು ಮೊದಲು ಕೇಳಿದಳು. ಆಮೇಲೆ ಕನ್ನಡದ ಭಾಗ ಬಂದಾಗ ನಿಲ್ಲಿಸಿ, ಹೇಳು ಎಂದಳು. ನಾನು ಒಂದೊಂದೇ ವಾಕ್ಯವನ್ನು ಮರಾಠಿ ಮಾಡಿದೆ. ಅತ್ತೆಯ ಮಾತು ಬಂದಲ್ಲಿ ತಡವರಿಸಿದೆ. ಆ ಅಜ್ಜಿಯೆಂದರೆ ಇವಳಿಗೆ ಪ್ರಾಣ.

“ಪೂರ್ಣ ಸಾಂಗ್, ಮಾಮಾ,” ಎಂದಳು. ಪೂರ್ತಿ ಹೇಳಿದೆ.

ಆಮೇಲೆ ಕೇಳಿದಳು, ಆವತ್ತು ಆಯಿಯನ್ನು ಯಾಕೆ ನಿಲ್ಲಿಸಲಿಲ್ಲ ನೀನು? ಅವಳಿಗೆ ಆಯಾಸವಾಗಿತ್ತು, ನಡುವೆ ತಡೆದರೆ ಎಲ್ಲವೂ ನಿಂತುಬಿಡುತ್ತಿತ್ತು ಎಂದೆ. ಅದು ಸುಳ್ಳಲ್ಲ.

“ತುಲಾ ಹವಂ ಹೋತಂ,” ಎಂದಳು. ನಿನಗೆ ಬೇಕಾಗಿತ್ತು.

ಅವಳು ಹೆಡ್‌ಫೋನು ತೆಗೆಯಲಿಲ್ಲ. ಕೂಸಿನ ಕಿವಿಯಲ್ಲಿ ಹೇಳಿದ ಆ ಒಂದು ವಾಕ್ಯವನ್ನು ಹಿಂದೆ ಮುಂದೆ ಮಾಡಿ ಕೇಳುತ್ತ, ತುಟಿ ಆಡಿಸುತ್ತಿದ್ದಳು.

ಅಕ್ಕ ಮನೆಗೆ ಬಂದ ದಿನ ನಾನೂ ಇದ್ದೆ. ಕುತ್ತಿಗೆಗೆ ತೆಳುವಾದ ಬಟ್ಟೆ, ಕೈಯಲ್ಲಿ ಬರೆದು ಅಳಿಸುವ ಹಲಗೆ. ಭಾವ ದಿಂಬು ಸರಿಮಾಡಿದರು. ಹುಡುಗಿ ಹಾಸಿಗೆಯ ಪಕ್ಕ ಕುಳಿತು, ತಾಯಿಯ ಕಿವಿಗೆ ಬಾಗಿ, ಯಾರೂ ಹೇಳಿಕೊಡದ ಕನ್ನಡದಲ್ಲಿ ಆ ವಾಕ್ಯವನ್ನು ಹೇಳಿದಳು. ಒಡಕು ಧ್ವನಿಯಿಂದ ಕಲಿತದ್ದು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ತಿಳಿಯದೆ ಮಾತು ಮುಗ್ಗರಿಸಿತು.

ಅಕ್ಕ ಬೆಚ್ಚಿ ತಲೆ ಎತ್ತಿದಳು. ಟೀಚರಲ್ಲವೇ, ತಿದ್ದಲು ಬಾಯಿ ತೆರೆದಳು. ತುಟಿಗಳು ಪೂರ್ತಿ ವಾಕ್ಯ ಹೇಳಿದವು. ಸದ್ದು ಬರಲಿಲ್ಲ. ಮತ್ತೊಮ್ಮೆ ಹೇಳಿದಳು. ಹಲಗೆ ಎತ್ತಿಕೊಂಡು, ಬರೆದು ತೋರಿಸುವಂಥದ್ದಲ್ಲವೆಂದು ಕೆಳಗಿಟ್ಟು, ನನ್ನ ಕಡೆ ನೋಡಿದಳು.

“ಬಂದೇನs ನನ್ನವ್ವಾ, ಭಾಳ ದಾರಿ ಕಾಯಿಸಿದಿ,” ಎಂದೆ ನಾನು.

ಹುಡುಗಿ ನನ್ನ ಬಾಯಿ ನೋಡಿಕೊಂಡು ಹೇಳಿದಳು. ಈ ಸಲ ಮುಗ್ಗರಿಸಲಿಲ್ಲ. ಆದರೆ ನಾನು ಹೇಳಿದ್ದು ಅಕ್ಕ ಹೇಳಿದ ಹಾಗೆಯೇ ಇತ್ತೇ? ‘ಭಾಳ’ ಎನ್ನುವಲ್ಲಿ ಅವಳು ಸ್ವಲ್ಪ ನಿಂತಿದ್ದಳೆಂದು ಕಾಣುತ್ತದೆ, ನಾನು ನಿಲ್ಲಲಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಕೇಳಿ ನೋಡಬಹುದಿತ್ತು, ಇನ್ನೂ ಕೇಳಿಲ್ಲ. ಹುಡುಗಿ ಈಗ ಅದನ್ನು ನನ್ನ ಧಾಟಿಯಲ್ಲಿ ಹೇಳುತ್ತಾಳೆ, ಅಕ್ಕನ ಧಾಟಿಯಲ್ಲಲ್ಲ. ಅಕ್ಕ ಅದನ್ನು ಕೇಳುತ್ತಾಳೆ, ತಿದ್ದುವುದಿಲ್ಲ.