ತೊಳೆಸಿಕೊಳ್ಳಲೆಂದು ತೊಳೆದ ಕಾಲು

ನಮ್ಮ ಚರ್ಚಿನಲ್ಲಿ ಪವಿತ್ರ ಗುರುವಾರದ ಸಂಜೆ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಶಿಲುಬೆಗೇರುವ ಹಿಂದಿನ ದಿನ ಯೇಸು ತನ್ನ ಶಿಷ್ಯರ ಪಾದ ತೊಳೆದದ್ದರ ನೆನಪಿಗೆ. ಪೀಠದ ಮುಂದೆ ಹನ್ನೆರಡು ಕುರ್ಚಿ ಹಾಕುತ್ತಾರೆ, ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಒಬ್ಬೊಬ್ಬರ ಮುಂದೆಯೂ ಮಂಡಿಯೂರುತ್ತಾರೆ. ಆ ಕುರ್ಚಿಗಳಲ್ಲೊಂದರ ಮೇಲೆ ನನಗೆ ಬಹಳ ವರ್ಷಗಳಿಂದ ಕಣ್ಣಿತ್ತು. ದೀನತೆ ಕಲಿಸುವ ಆಚರಣೆಯಲ್ಲಿ ಸೀಟಿಗೆ ಆಸೆಪಡುವುದು ಎಂಥ ತಮಾಷೆ ಎಂದು ಆಗ ಹೊಳೆದಿರಲಿಲ್ಲ.

ಭಾನುವಾರದ ಕನ್ನಡ ಪೂಜೆಯಲ್ಲಿ ಬೈಬಲ್ ವಾಚನ ಓದುವವಳು ನಾನು. ಪೂಜೆ ಯೂಟ್ಯೂಬಿನಲ್ಲಿ ಲೈವ್ ಬರಲು ಶುರುವಾದ ಮೇಲೆ, ಅರೆಕೆರೆಯ ತರಕಾರಿ ಅಂಗಡಿಯಲ್ಲೂ ಗುರುತು ಹಿಡಿದು "ಆಂಟಿ, ನಿಮ್ಮ ವಾಯ್ಸ್ ಸಖತ್ತಾಗಿದೆ" ಎನ್ನುವವರು ಹುಟ್ಟಿಕೊಂಡರು. ನನಗೆ ರುಚಿ ಹತ್ತಿತು. ಪೂಜೆ ಮುಗಿಸಿ ಮನೆಗೆ ಬಂದರೆ ಕಾಫಿಗಿಂತ ಮುಂಚೆ ಕಾಮೆಂಟ್ ಓದುತ್ತಿದ್ದೆ.

ಈ ಬಾರಿ ಹನ್ನೆರಡು ಜನರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನೆಂಟರಿಗೆಲ್ಲ ಲಿಂಕ್ ಕಳಿಸಿದೆ. ಆಮೇಲೆ ಜಯನಗರದ ಪಾರ್ಲರಿಗೆ ಹೋಗಿ ಪೆಡಿಕ್ಯೂರ್ ಮಾಡಿಸಿದೆ. ಫಾದರ್ ತೊಳೆಯುವುದು ಬಲಗಾಲನ್ನು ಮಾತ್ರ. ನಾನು ಎರಡನ್ನೂ ಉಜ್ಜಿಸಿದೆ. ಕ್ಯಾಮೆರಾ ಯಾವ ಕಡೆ ತಿರುಗುತ್ತದೋ ಯಾರಿಗೆ ಗೊತ್ತು.

ಗುರುವಾರ ಸಂಜೆ ಪೀಠದ ಮುಂದೆ ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ಚರ್ಚು ಗುಡಿಸಿ ಒರೆಸುವ ಹೆಂಗಸು ಕೂತಿದ್ದರು. ಬರಬೇಕಾಗಿದ್ದ ಒಬ್ಬರಿಗೆ ಜ್ವರ ಬಂದು, ಫಾದರ್ ಕೊನೇ ಗಳಿಗೆಯಲ್ಲಿ ಆಕೆಯನ್ನು ಕರೆದು ಕೂರಿಸಿದ್ದರು. ಅಲ್ಲಿಯವರೆಗೂ ಅಂಗಳ ಗುಡಿಸುತ್ತಿದ್ದ ಕಾಲು, ಹಿಮ್ಮಡಿಯ ಬಿರುಕುಗಳ ತುಂಬ ಕೆಮ್ಮಣ್ಣು. ಫಾದರ್ ಮಂಡಿಯೂರಿದ ಕೂಡಲೇ ಆಕೆ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡರು.

"ಬೇಡ ಫಾದರ್, ತುಂಬಾ ಗಲೀಜಾಗಿದೆ."

"ಪರ್ವಾಗಿಲ್ಲಮ್ಮ, ಕೊಡಿ."

"ನಲ್ಲಿ ಹತ್ರ ಹೋಗಿ ತೊಳ್ಕೊಂಡು ಬರ್ತೀನಿ."

"ನಾನಿಲ್ಲೇ ಇರ್ತೀನಿ," ಎಂದರು ಫಾದರ್.

ಎಪ್ಪತ್ತು ದಾಟಿದ ಮನುಷ್ಯ, ಮಂಡಿನೋವು ಬೇರೆ. ಎದ್ದು ಮುಂದೆ ಹೋಗಲಿಲ್ಲ, ಆಕೆಯ ಕಾಲನ್ನು ಹಿಡಿದೆಳೆಯಲೂ ಇಲ್ಲ. ಹಾಡು ಮುಗಿದು ಗಾಯಕರು ಮತ್ತೆ ಮೊದಲಿಂದ ಶುರು ಮಾಡಿದರು. ಮುಂದಿನ ಸರದಿ ನನ್ನದು. ಕೊಟ್ಟುಬಿಡಬಾರದೇ ಮಹಾತಾಯಿ ಎಂದು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ. ಆಗ ಫಾದರ್ ಮುಖ ನೋಡಿದೆ. ಅಲ್ಲಿ ಅವಸರವಿರಲಿಲ್ಲ, ಉಪಕಾರ ಮಾಡುತ್ತಿರುವವರ ಠೀವಿಯೂ ಇರಲಿಲ್ಲ. ಏನನ್ನೋ ಬೇಡಲು ಬಂದವರಂತೆ ಕೂತಿದ್ದರು. ವರ್ಷವರ್ಷವೂ ಆ ಕಥೆ ಕೇಳಿದ್ದೆ. ದೇವರು ಮನುಷ್ಯರ ಕಾಲ ಬಳಿ ಕಾಯುತ್ತಾ ಕೂರುತ್ತಾನೆ ಎಂದರೆ ಹೇಗಿರುತ್ತದೆಂದು ಕಣ್ಣಾರೆ ಕಂಡದ್ದು ಆವತ್ತೇ. ಉಸಿರಾಡಲೂ ಭಯವಾಯಿತು.

ಕೊನೆಗೆ ಆಕೆ ಕಾಲು ಚಾಚಿದರು. ಬೇಸಿನ್ನಿನ ನೀರು ಕೆಂಪಾಯಿತು. ಫಾದರ್ ಬೆರಳ ಸಂದಿಗಳನ್ನೂ ಬಿಡದೆ ತೊಳೆದು, ಒರೆಸಿ, ಬಾಗಿ ಪಾದಕ್ಕೆ ಮುತ್ತಿಟ್ಟರು. ಆಕೆ ಮುಖ ಮುಚ್ಚಿಕೊಳ್ಳದೆ ಅತ್ತರು.

ನನ್ನ ಸರದಿ ಬಂತು. ಫಾದರ್ ಅಷ್ಟೇ ಪ್ರೀತಿಯಿಂದ ತೊಳೆದರು. ತೊಳೆಯಲು ನಾನೇನೂ ಉಳಿಸಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಕ್ಯಾಮೆರಾ ಎಲ್ಲಿದೆ ಎಂದು ನೋಡುವುದೂ ಮರೆತುಹೋಯಿತು.

ಆದರೂ ಮನೆಗೆ ಬಂದ ಮೇಲೆ ವಿಡಿಯೋ ಹಾಕಿದೆ; ಚಪಲ ಪೂರ್ತಿ ಸತ್ತಿರಲಿಲ್ಲ. ಕ್ಯಾಮೆರಾ ಆಕೆಯ ಮುಖದ ಮೇಲೇ ನಿಂತುಬಿಟ್ಟಿತ್ತು. ನನ್ನ ಸರದಿ ಮುಗಿದರೂ ಅಲ್ಲಾಡಿರಲಿಲ್ಲ. ವಿಡಿಯೋ ಹಿಡಿದವರೂ ಮೈಮರೆತಿರಬೇಕು. ಇನ್ನೊಮ್ಮೆ ಹಾಕಿದೆ, ಈ ಸಲ ಆ ಮುಖ ನೋಡಲಿಕ್ಕೆ.

ಮರುದಿನ ಬೆಳಗ್ಗೆ ಬನಶಂಕರಿಯಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಕೊನೇ ತನಕ ನೋಡಿದ್ವಿ. ನೀವು ಕಾಣಿಸ್ಲೇ ಇಲ್ವಲ್ಲ?"

"ಆ ಅಮ್ಮ ಕಂಡ್ರಲ್ಲ," ಎಂದೆ. "ಅವರ ಪಕ್ಕದ ಕುರ್ಚಿ ನನಗೆ ಸಿಕ್ಕಿತ್ತು."