ಟಗರು ತಿಂದವರ ಸರದಿ

ಕುರಿಗಾರ ತಿಮ್ಮರಾಯಪ್ಪನ ಟಗರನ್ನು ಮಾದಯ್ಯನೂ ಅವನ ಇಬ್ಬರು ತಮ್ಮಂದಿರೂ ಕದ್ದು ತಿಂದ ವರ್ಷವೇ ಪಾಪಿರೆಡ್ಡಿಪಟ್ಟಿಯ ಟೆಂಟ್ ಟಾಕೀಸಿಗೆ ಕರಾಟೆ ಸಿನಿಮಾ ಬಂತು. ಸೇಡಿನಿಂದ ಕುದಿಯುತ್ತಿದ್ದ ತಿಮ್ಮರಾಯಪ್ಪ ಅದನ್ನು ಮುನ್ನೂರು ಸಲ ನೋಡಿದ. ಅಭ್ಯಾಸಕ್ಕೆಂದು ಅವನು ಒದ್ದ ಹುಣಸೆಮರ ಏರ್ಕಾಡು ಬೆಟ್ಟದ ಕಡೆಗೆ ವಾಲಿಕೊಂಡಿತು.

ಒಂದು ಮಧ್ಯಾಹ್ನ ಮೂವರನ್ನೂ ಹಟ್ಟಿಯ ಮುಂದೆ ಅಡ್ಡಗಟ್ಟಿದ.

"ನಾವು ಮೂರು ಜನ ಇದೀವಿ ಕಣಲೇ," ಎಂದು ಮಾದಯ್ಯ ನಕ್ಕ.

"ಸಿನಿಮಾದಾಗೆ ಮೂವತ್ತು ಜನ ಇದ್ರು. ಅವ್ರೇನು ಒಟ್ಟಿಗೆ ಬಂದ್ರಾ? ಒಬ್ಬೊಬ್ರೇ ಬರ್ರಿ."

ಅವರೂ ಅದೇ ಸಿನಿಮಾ ನೋಡಿದವರು, ಮಾತು ನ್ಯಾಯವಾಗಿಯೇ ಕಂಡಿತು. ಅಣ್ಣ ಒದೆ ತಿನ್ನುವಾಗ ತಮ್ಮಂದಿರು ಮುಷ್ಟಿ ಬಿಗಿದು, ಸುತ್ತಲೂ ಕುಣಿಯುತ್ತ ಸರದಿಗೆ ಕಾದರು.

"ಬೇಗ ಬೀಳಣ್ಣೋ, ನಾನೂ ಓಗಬೇಕು," ಎಂದ ಕಿರಿಯವನು.

ತಿಂದ ಟಗರು ಮೂವರ ಹೊಟ್ಟೆಯಿಂದಲೂ 'ಬ್ಯಾ' ಎನ್ನುವವರೆಗೆ ತಿಮ್ಮರಾಯಪ್ಪ ಕಾಲು ಇಳಿಸಲಿಲ್ಲ.